ಗೂಟವಿಲ್ಲ, ಅಡಿಪಾಯವಿಲ್ಲ: ಮಂಗೋಲಿಯಾದ ಗೆರ್ ಗಾಳಿಗೆ ನಿಲ್ಲುವುದು ಹೇಗೆ?

ಪ್ರಶ್ನೆ (ದುಂಡುಮನೆ):
ಮಂಗೋಲಿಯಾದ ಅಲೆಮಾರಿ ಪಶುಪಾಲಕರ ಗೆರ್ (ಬಿಚ್ಚಿ ಸಾಗಿಸಬಹುದಾದ ದುಂಡು ಡೇರೆಮನೆ) ಕಟ್ಟುವ ಕ್ರಮ ಸರಿಯಾಗಿ ತಿಳಿಯಬೇಕಿದೆ. ಚಿತ್ರಗಳಲ್ಲಿ ಗೂಟ ಕಾಣುವುದಿಲ್ಲ, ಅಡಿಪಾಯವಂತೂ ಇಲ್ಲವೇ ಇಲ್ಲ. ಹಾಗಾದರೆ ಸೂರಿನ ಭಾರ ಹೊರುವುದು ಯಾವುದು? ಯಾವುದನ್ನು ಮೊದಲು ನಿಲ್ಲಿಸಬೇಕು, ಎಲ್ಲಿ ತಪ್ಪುತ್ತದೆ? ಜೊತೆಗೆ, ಅವರು ವರ್ಷಕ್ಕೆ ಎಷ್ಟು ಸಲ ಜಾಗ ಬದಲಿಸುತ್ತಾರೆ, ಯಾವ ಲೆಕ್ಕದ ಮೇಲೆ?

ಉತ್ತರ (ಗಳಜಾಲರಿ):
ಸೂರನ್ನು ಹೊರುವುದು ಗೋಡೆ, ಜೊತೆಗೆ ನಡುವಿನ ಎರಡು ಕಂಬ. ಆದರೆ ಆ ಗೋಡೆಯನ್ನು ಹಿಡಿದು ನಿಲ್ಲಿಸುವುದು ಹಗ್ಗ. ಇದೊಂದು ಹೊಳೆದರೆ ಉಳಿದದ್ದೆಲ್ಲ ಬಿಡಿಸಿಕೊಳ್ಳುತ್ತದೆ.

ಗೋಡೆಗೆ ಖನ ಎನ್ನುತ್ತಾರೆ. ತೆಳು ಮರದ ಪಟ್ಟಿಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟು, ಅವು ಕೂಡುವಲ್ಲಿ ತೂತು ಕೊರೆದು ಹಸಿ ತೊಗಲಿನ ದಾರದಿಂದ ಗಂಟು ಬಿಗಿದ ಜಾಲರಿ ಅದು. ಮೊಳೆ ಹೊಡೆಯುವುದಿಲ್ಲ, ಹಾಗಾಗಿ ಮಡಚಿದರೆ ಒಂದು ಹೊರೆಯಷ್ಟಾಗುತ್ತದೆ. ನೆತ್ತಿಯ ಮರದ ಚಕ್ರ ತೋನೊ. ತೋನೊದಿಂದ ಖನದ ತಲೆಗೆ ಇಳಿಯುವ ಗಳಗಳು ಉನಿ. ತೋನೊವನ್ನು ಹೊರುವ ಎರಡು ಕಂಬಗಳು ಬಗನ. ಸಾಮಾನ್ಯ ಸಂಸಾರದ ಗೆರ್ ಐದು ಖನದ್ದು: ಅಡ್ಡಳತೆ ಸುಮಾರು 6 ಮೀಟರ್, ಉನಿಗಳು ಸುಮಾರು 80.

ಉನಿಯ ಮೇಲ್ತುದಿ ತೋನೊದ ಗೂಡಿನೊಳಗೆ ಕೂರುತ್ತದೆ, ಕೆಳತುದಿಯ ಹಗ್ಗದ ಕುಣಿಕೆ ಖನದ ತಲೆಗೆ ಸಿಕ್ಕಿಕೊಳ್ಳುತ್ತದೆ. ಸೂರಿನ ತೂಕ ಇಳಿದಂತೆ 80 ಉನಿಗಳೂ ಗೋಡೆಯನ್ನು ಹೊರಕ್ಕೆ ನೂಕುತ್ತವೆ. ಖನಕ್ಕೆ ಸ್ವಂತ ಬಲವಿಲ್ಲ, ಹಾಗೇ ಬಿಟ್ಟರೆ ಅಗಲವಾಗುತ್ತಾ ಕುಸಿಯುತ್ತದೆ. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೇಗೋ ಹಾಗೆ, ಬಾಗಿಲ ಚೌಕಟ್ಟಿನ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸುತ್ತಿ ಬಿಗಿದ ಹಗ್ಗ ಅದನ್ನು ತಡೆಯುತ್ತದೆ. ಒಳಗಿನ ಹಗ್ಗ ಖನದ ಮೈಗೇ ತಾಗಿರುತ್ತದೆ, ಹೊರಗಿನವು ಹೊದಿಕೆಯ ಮೇಲೆ ಬರುತ್ತವೆ. ಕುದುರೆ ಕೂದಲು, ಒಂಟೆ ಕೂದಲು ಹೊಸೆದ ಹಗ್ಗಗಳು ಇದಕ್ಕೆ ಹೇಳಿ ಮಾಡಿಸಿದವು.

ಕ್ರಮ ಹೀಗೆ. ಸಮತಟ್ಟು ನೆಲ ನೋಡಿ, ಮರದ ನೆಲಹಾಸಿದ್ದರೆ ಅದನ್ನು ಹಾಸಿ, ಬಾಗಿಲಿನಲ್ಲಿ ನುಗ್ಗದ ಪೆಟ್ಟಿಗೆ ಮಂಚಗಳನ್ನು ಗೋಡೆಗೂ ಮೊದಲೇ ಒಳಗಿಡುತ್ತಾರೆ. ಆಮೇಲೆ ದಕ್ಷಿಣಕ್ಕೆ ಮುಖಮಾಡಿ ಬಾಗಿಲು. ಖನಗಳನ್ನು ಬಿಚ್ಚಿ, ಅಂಚಿಗೆ ಅಂಚು ಸೇರಿಸಿ ಕಟ್ಟಿ, ಒಳಹಗ್ಗ ಬಿಗಿಯುತ್ತಾರೆ. ಒಬ್ಬರು ನಡುವೆ ನಿಂತು ಬಗನದ ಮೇಲೆ ತೋನೊ ಎತ್ತಿ ಹಿಡಿದಿರುವಾಗ ಉಳಿದವರು ಮೊದಲು ನಾಲ್ಕು ದಿಕ್ಕಿಗೆ ನಾಲ್ಕು ಉನಿ ಸಿಕ್ಕಿಸುತ್ತಾರೆ. ತೋನೊ ಅಲುಗದಂತಾದ ಮೇಲೆ ಉಳಿದವು. ಒಂದೇ ಕಡೆಯಿಂದ ತುಂಬುತ್ತಾ ಬಂದರೆ ತೋನೊ ಆ ಬದಿಯ ಒತ್ತಡಕ್ಕೆ ವಾಲುತ್ತದೆ. ನುರಿತ ಕೈಗಳಿಗೆ ಒಂದೆರಡು ಗಂಟೆಯ ಕೆಲಸ, ಬಿಚ್ಚಲು ಇನ್ನೂ ಕಡಿಮೆ.

ಉತ್ತರ (ಬಯಲುಗಾಳಿ):
ಮೇಲಿನದಕ್ಕೆ ಒಂದು ಮುಖ್ಯ ಮಾತು ಸೇರಿಸಬೇಕು. ಗೋಡೆಯ ಎತ್ತರ ಸ್ಥಿರವಲ್ಲ. ಖನವನ್ನು ಹೆಚ್ಚು ಎಳೆದರೆ ಗೆರ್ ತಗ್ಗಾಗಿ ಅಗಲವಾಗುತ್ತದೆ, ಕಡಿಮೆ ಎಳೆದರೆ ಎತ್ತರವಾಗಿ ಕಿರಿದಾಗುತ್ತದೆ. ಹೊಸಬರು ಎಡವುವುದು ಇಲ್ಲೇ: ಒಂದು ಖನ ಹೆಚ್ಚು ಬಿಚ್ಚಿ, ಪಕ್ಕದ್ದು ಕಡಿಮೆ ಬಿಚ್ಚಿದರೆ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಒಂದು ಬದಿಯಲ್ಲಿ ಉನಿ ಗೂಡಿಗೆ ಎಟುಕುವುದಿಲ್ಲ, ಇನ್ನೊಂದು ಬದಿಯಲ್ಲಿ ಉಳಿದುಬಿಡುತ್ತದೆ. ಕುಣಿಕೆಗಳ ಉದ್ದ ಬೇರೆ ಬೇರೆಯಾದರೂ ಇದೇ ತೊಂದರೆ. ಉನಿಗೆ ಬೈದು ಪ್ರಯೋಜನವಿಲ್ಲ, ಗೋಡೆಗೆ ಹಿಂತಿರುಗಬೇಕು. ಬಾಗಿಲ ಚೌಕಟ್ಟಿನ ಎತ್ತರಕ್ಕೆ ಎಲ್ಲ ಖನದ ತಲೆಗಳೂ ಸರಿಹೊಂದಿದವೇ ಎಂದು ಸುತ್ತು ಹಾಕಿ ನೋಡುವುದೇ ಅಳತೆ.

ಇನ್ನು ಗಾಳಿ. ದುಂಡು ಮೈಗೆ ತಗುಲಿದ ಗಾಳಿ ಎರಡೂ ಬದಿಗೆ ಜಾರುತ್ತದೆ. ಅಪಾಯವಿರುವುದು ಸೂರನ್ನು ಮೇಲಕ್ಕೆ ಹೀರುವ ಸೆಳೆತದಲ್ಲಿ. ಅದಕ್ಕೆಂದೇ ತೋನೊದಿಂದ ಚಗ್ತಗ ಎಂಬ ಹಗ್ಗ ಇಳಿಬಿಟ್ಟಿರುತ್ತದೆ. ಗಾಳಿಯಿಲ್ಲದಾಗ ಅದನ್ನು ಉನಿಯ ಸಂದಿಗೆ ಸಿಕ್ಕಿಸಿಡುತ್ತಾರೆ. ವಸಂತದ ಬಿರುಗಾಳಿ ಬಂದಾಗ ಕೆಳಕ್ಕೆಳೆದು ಭಾರದ ಕಲ್ಲಿಗೋ ಮೂಟೆಗೋ ಕಟ್ಟುತ್ತಾರೆ. ಗೆರ್‌ನಲ್ಲಿ ಅತಿ ಪೂಜ್ಯವೆನಿಸಿದ ಹಗ್ಗವೂ ಅದೇ ಎಂಬುದು ಸಹಜವೇ ಸರಿ.

ಮಂಗೋಲಿಯಾದ ಪಶ್ಚಿಮ ತುದಿಯ ಬಯನ್-ಓಲ್ಗಿ ಪ್ರಾಂತ್ಯದ ಕಜಖರ ಮನೆಯನ್ನು ಇದರೊಂದಿಗೆ ಕಲಸಬೇಡಿ. ಅವರ ಗಳಗಳ ಬುಡ ಬಾಗಿರುತ್ತದೆ, ನೆತ್ತಿ ಹೆಚ್ಚು ಎತ್ತರ, ನಡುಗಂಬಗಳಿಲ್ಲ. ಮಂಗೋಲರದು ನೇರ ಗಳ, ತಗ್ಗು ಸೂರು.

ಪ್ರಶ್ನೆ (ದುಂಡುಮನೆ):
ಹೊದಿಕೆ ಬರೀ ಉಣ್ಣೆಯದಾದರೆ ಮಳೆಗೆ ಸೋರುವುದಿಲ್ಲವೇ?

ಉತ್ತರ (ಗಳಜಾಲರಿ):
ಅದು ನೇಯ್ದದ್ದಲ್ಲ, ಫೆಲ್ಟ್. ಕತ್ತರಿಸಿದ ಕುರಿಯುಣ್ಣೆಯನ್ನು ಕೋಲಿನಿಂದ ಬಡಿದು ಬಿಡಿಸಿ, ‘ತಾಯಿ ಫೆಲ್ಟ್’ ಎನ್ನುವ ಹಳೆಯ ಹಾಸಿನ ಮೇಲೆ ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ಗಳಕ್ಕೆ ಬಿಗಿಯಾಗಿ ಸುತ್ತಿ, ಕುದುರೆಗೋ ಒಂಟೆಗೋ ಕಟ್ಟಿ ಬಯಲಿನಲ್ಲಿ ಉರುಳಿಸುತ್ತಾರೆ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಉಣ್ಣೆ ಹರಡುವಾಗ ಎಲ್ಲೋ ತೆಳುವಾಯಿತೋ, ಮುಂದೆ ತೂತು ಬೀಳುವುದು ಅಲ್ಲೇ.

ಸೋರದಿರುವ ಗುಟ್ಟು ಹೊದಿಸುವ ಕ್ರಮದಲ್ಲಿದೆ. ಗೋಡೆಯ ಫೆಲ್ಟ್ ತೂರ್ಗ ಮೊದಲು, ಸೂರಿನ ಫೆಲ್ಟ್ ದೇವೆರ್ ನಂತರ. ದೇವೆರ್‌ನ ಕೆಳಅಂಚು ತೂರ್ಗದ ಮೇಲಂಚನ್ನು ಮುಚ್ಚಿ ಇಳಿಬೀಳಬೇಕು. ಅದಲುಬದಲಾದರೆ ಸೂರಿನ ನೀರು ನೇರ ಗೋಡೆಯೊಳಕ್ಕೆ. ಎಲ್ಲದರ ಮೇಲೆ ಬಿಳಿ ಹತ್ತಿಬಟ್ಟೆ. ತೋನೊ ಮುಚ್ಚಲು ಓರ್ಖ್ ಎಂಬ ಚೌಕ ಹೊದಿಕೆ ಬೇರೆ: ಮೂರು ಮೂಲೆ ಕಟ್ಟಿದ್ದು, ನಾಲ್ಕನೆಯದನ್ನು ಹಗ್ಗ ಹಿಡಿದು ಕೆಳಗಿನಿಂದಲೇ ತೆರೆದು ಮುಚ್ಚಬಹುದು.

ಬೇಸಿಗೆಗೆ ಒಂದು ಪದರ ಸಾಕು, ಚಳಿಗೆ ಎರಡು ಮೂರು. ಸೆಖೆಯಾದರೆ ಗೋಡೆಯ ಕೆಳಅಂಚನ್ನು ಮಡಚಿ ಮೇಲೆತ್ತುತ್ತಾರೆ. ಗಾಳಿ ಕೆಳಗಿನಿಂದ ನುಗ್ಗಿ ತೋನೊದಲ್ಲಿ ಹೊರಡುತ್ತದೆ. ನೆನೆದ ಫೆಲ್ಟನ್ನು ಒಣಗಿಸದೆ ಸುತ್ತಿಟ್ಟರೆ ಕೊಳೆಯುತ್ತದೆ, ಮಳೆಯ ಮರುದಿನ ಗೆರ್ ಬಿಚ್ಚಲು ಹಿಂಜರಿಯುವುದು ಇದಕ್ಕೇ.

ಉತ್ತರ (ನಾಲ್ಕುಬೀಡು):
ಜಾಗ ಬದಲಿಸುವ ಪ್ರಶ್ನೆ ಹಾಗೇ ಉಳಿದಿದೆ. ನಾಲ್ಕು ಋತುವಿಗೆ ನಾಲ್ಕು ಬೀಡು: ಚಳಿಗಾಲದ್ದು ಓವೊಲ್ಜೋ, ವಸಂತದ್ದು ಖವರ್ಜಾ, ಬೇಸಿಗೆಯದು ಜುಸ್ಲಾನ್, ಶರತ್ಕಾಲದ್ದು ನಮರ್ಜಾ. ಗೋಬಿ ಮರುಭೂಮಿಯಲ್ಲಿ ಮಳೆ ಬಿದ್ದ ಕಡೆ ಹುಲ್ಲು, ಹಾಗಾಗಿ ಲೆಕ್ಕ ನಾಲ್ಕಕ್ಕೆ ನಿಲ್ಲುವುದಿಲ್ಲ. ಅಲೆಮಾರಿ ಎಂದರೆ ಮನಬಂದಲ್ಲಿ ಹೋಗುವವರು ಎಂಬುದು ದೊಡ್ಡ ತಪ್ಪು ತಿಳುವಳಿಕೆ. ಚಳಿಗಾಲದ ಬೀಡಿಗೆ ವರ್ಷವರ್ಷವೂ ಅದೇ ಜಾಗಕ್ಕೆ ಮರಳುತ್ತಾರೆ: ಬಿಸಿಲಿಗೆ ಮುಖಮಾಡಿದ, ವಾಯವ್ಯದ ಗಾಳಿಗೆ ಮರೆಯಾದ ಗುಡ್ಡದ ಬುಡ. ಆದರೂ 1992ರ ಸಂವಿಧಾನದ ಪ್ರಕಾರ ಹುಲ್ಲುಗಾವಲು ಯಾರ ಖಾಸಗಿ ಆಸ್ತಿಯೂ ಆಗುವಂತಿಲ್ಲ.

ಚಳಿಗಾಲದ ಮೇವನ್ನು ಬೇಸಿಗೆಯಲ್ಲಿ ಮುಟ್ಟಬಾರದು. ಬೇಗ ಬಂದು ಮೇಯಿಸಿಬಿಟ್ಟರೆ ಫೆಬ್ರವರಿಯಲ್ಲಿ ಹಿಂಡಿಗೆ ಏನೂ ಉಳಿದಿರುವುದಿಲ್ಲ. ನೀರಿಲ್ಲದ ಬಯಲೂ ಚಳಿಯಲ್ಲಿ ಉಪಯೋಗಕ್ಕೆ ಬರುತ್ತದೆ, ಜಾನುವಾರು ಹಿಮವನ್ನೇ ತಿಂದು ದಾಹ ತೀರಿಸಿಕೊಳ್ಳುತ್ತವೆ. ಹಿಂಡುಗಳು ಸಾಯುವಂಥ ಚಳಿಗಾಲದ ಆಪತ್ತಿಗೆ ಜುದ್ ಎನ್ನುತ್ತಾರೆ. ಹಿಮ ಬೀಳದಿದ್ದರೆ ನೀರಿಲ್ಲದ ಆಪತ್ತು, ಅದು ‘ಕಪ್ಪು ಜುದ್’. ಅತಿಯಾದರೆ ‘ಬಿಳಿ ಜುದ್’. ಕರಗಿ ಮತ್ತೆ ಹೆಪ್ಪುಗಟ್ಟಿ ಹುಲ್ಲಿನ ಮೇಲೆ ಗಾಜಿನಂಥ ಪದರ ಕೂತರೆ ‘ಕಬ್ಬಿಣದ ಜುದ್’, ಆಗ ಕುದುರೆಯ ಗೊರಸಿಗೂ ಅದು ಒಡೆಯುವುದು ಕಷ್ಟ. 2009-10ರ ಜುದ್‌ನಲ್ಲಿ 80 ಲಕ್ಷಕ್ಕೂ ಹೆಚ್ಚು ಜಾನುವಾರು ಸತ್ತವು. ಹೀಗಾಗದಂತೆ ಶರತ್ಕಾಲದಲ್ಲಿ ಒತೊರ್ ಹೊರಡುತ್ತಾರೆ: ಹಗುರ ಸಾಮಾನಿನೊಂದಿಗೆ ಕೆಲವರು ಮಾತ್ರ ಹಿಂಡನ್ನು ದೂರದ ಒಳ್ಳೆಯ ಮೇವಿಗೆ ಅಟ್ಟಿ ಕೊಬ್ಬಿಸಿ ತರುವ ಪದ್ಧತಿ. ಚಳಿಗಾಲವನ್ನು ದಾಟಿಸುವುದು ಆ ಕೊಬ್ಬೇ.

ಬೀಡಿನ ದೊಡ್ಡಿಯಲ್ಲಿ ಕುರಿ-ಮೇಕೆಯ ಹಿಕ್ಕೆ ತುಳಿತಕ್ಕೆ ಸಿಕ್ಕಿ ದಪ್ಪ ಹಾಸಾಗಿ ಕೂರುತ್ತದೆ. ಅದನ್ನು ಪೂರ್ತಿ ಬಳಿದು ಹಾಕುವುದಿಲ್ಲ. ಒಣಗಿದ ಆ ಹಾಸಿನ ಮೇಲೆ ಮಲಗಿದ ಪಶುವಿಗೆ ನೆಲದ ಥಂಡಿ ತಟ್ಟದು. ಹೆಚ್ಚಾದದ್ದನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಒಲೆಗೆ ಖೊರ್ಜೊನ್ ಎಂಬ ಉರುವಲು ಸಿದ್ಧ. ದನದ ಒಣಸಗಣಿ ಅರ್ಗಲ್‌ಗಿಂತ ಇದರ ಕಾವು ಹೆಚ್ಚು.