ಹಾಯಿಕಂಬದ ಬುಡ: ಮೂವರ ದೋಣಿ, ಮೂರು ಮಾತು

ಅಣ್ಣ: ನಮ್ಮ ಕ್ಯಾಟಮರಾನಿನ, ಅಂದರೆ ಜೋಡಿ ಒಡಲಿನ ಹಾಯಿದೋಣಿಯ, ಹಾಯಿಕಂಬದ ಬುಡದ ಸುತ್ತ ಡೆಕ್ಕಿನಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿಕೊಂಡಿವೆ. ನಾಲ್ಕೈದು ರಂಧ್ರ ಕೊರೆದು ಸಿರಿಂಜಿನಿಂದ ಎಪಾಕ್ಸಿ (ಗಟ್ಟಿಯಾಗುವ ಅಂಟುರಾಳ) ತುಂಬಿದರೆ ಒಂದು ದಿನದಲ್ಲಿ ಮುಗಿಯುತ್ತದೆ, ಕಂಬ ಇಳಿಸುವ ತಾಪತ್ರಯವಿರುವುದಿಲ್ಲ. ದೋಣಿ ಮೂವರದಾದ್ದರಿಂದ ನಿಮ್ಮ ಒಪ್ಪಿಗೆ ಕೇಳುತ್ತಿದ್ದೇನೆ.

ಅಕ್ಕ: ನಾನು ಒಪ್ಪುವುದಿಲ್ಲ. ಡೆಕ್ಕಿನ ಎರಡು ಫೈಬರ್‌ಗ್ಲಾಸ್ ಪದರಗಳ ನಡುವೆ ಇರುವುದು ಬಾಲ್ಸಾ ಮರ. ನೀರು ಕುಡಿದ ಬಾಲ್ಸಾದೊಳಕ್ಕೆ ಎಪಾಕ್ಸಿ ಇಳಿಯುವುದಿಲ್ಲ. ರಂಧ್ರದ ಸುತ್ತ ಬಿರಡೆಯಂತೆ ಗಟ್ಟಿಯಾಗಿ, ಒಳಗಿನ ತೇವವನ್ನು ಅಲ್ಲಿಯೇ ಮುಚ್ಚಿಡುತ್ತದೆ ಅಷ್ಟೆ.

ಅಣ್ಣ: ಒಳಗೆ ಕೊಳೆತಿದೆ ಎಂದು ಯಾರು ನೋಡಿದ್ದಾರೆ? ಹಳೆಯ ದೋಣಿಯ ಜೆಲ್‌ಕೋಟ್ ಎಂಬ ಹೊರಲೇಪ ಬಿರಿಯುವುದು ಇದ್ದದ್ದೇ.

ನಾನು: ಅಣ್ಣ, ಕಂಬದ ಕೆಳಗಿನ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚುತ್ತದೆ ಎಂದು ಕಳೆದ ವರ್ಷ ಅದರ ಮೇಲಂಚನ್ನು ಎರಡು ಸಲ ಉಜ್ಜುಗೊರಡಿನಿಂದ ಸವರಿದವನು ನೀನೇ. ಅದೇ ಹೊತ್ತಿಗೆ ಕಂಬವನ್ನು ಬದಿಗಳಿಂದ ಬಿಗಿದು ಹಿಡಿಯುವ ಶ್ರೌಡ್ ತಂತಿಗಳು ಸಡಿಲಗೊಂಡಿದ್ದವು, ನಾವು ಬಿಗಿ ಮಾಡಿ ಸುಮ್ಮನಾದೆವು. ತಂತಿ ಹಿಗ್ಗಿದ್ದಲ್ಲ, ಕಂಬ ಕೆಳಗಿಳಿದದ್ದು. ಒಂಟಿ ಒಡಲಿನ ದೋಣಿ ಬಿರುಗಾಳಿಗೆ ವಾಲಿ ಭಾರ ತಪ್ಪಿಸಿಕೊಳ್ಳುತ್ತದೆ. ನಮ್ಮದು ಅಷ್ಟಾಗಿ ವಾಲುವುದಿಲ್ಲವಾದ್ದರಿಂದ ಗಾಳಿಯ ಸೆಳೆತವೆಲ್ಲ ತಂತಿಗಳ ಮೂಲಕ ಕಂಬವನ್ನು ಡೆಕ್ಕಿಗೆ ಒತ್ತುತ್ತದೆ, ಮತ್ತು ಆ ಡೆಕ್ಕಿನ ಕೆಳಗೆ ಒಂದು ಪ್ಲೈವುಡ್ ಬಲ್ಕ್‌ಹೆಡ್ (ಅಡ್ಡಗೋಡೆ) ಬಿಟ್ಟರೆ ಬೇರೆ ಆಸರೆಯಿಲ್ಲ.

ಅಕ್ಕ: ಇವತ್ತು ಒಳಗಿನಿಂದ, ಮೇಲಿನ ಪದರಕ್ಕೆ ತಾಗದಂತೆ ಮೂರು ಕಡೆ ಕೊರೆದು ನೋಡಿದೆ. ದೂರದ ರಂಧ್ರದಿಂದ ಒಣ, ತಿಳಿಬಣ್ಣದ ಪುಡಿ ಉದುರಿತು. ಎರಡನೆಯದರ ಪುಡಿ ಬೆರಳಿಗೆ ಅಂಟಿತು. ಬುಡದ ಪಕ್ಕದ್ದರಿಂದ ಪುಡಿಯೇ ಬರಲಿಲ್ಲ. ಕಪ್ಪು ಕೆಸರು ಬಂತು, ಹಿಂದೆಯೇ ನೀರು ತೊಟ್ಟಿಕ್ಕಿ ನನ್ನ ಮೊಣಕೈವರೆಗೆ ಇಳಿಯಿತು. ಚಿತ್ರ ಹಾಕಿದ್ದೇನೆ. ಬೋಲ್ಟುಗಳ ರಂಧ್ರದಿಂದಲೋ ದೀಪದ ವೈರು ಇಳಿಯುವ ಕಡೆಯಿಂದಲೋ ನೀರು ಹೊಕ್ಕಿದೆ.

ಅಣ್ಣ: ಚಿತ್ರ ನೋಡಿದೆ. ಸರಿ, ಕಂಬ ಇಳಿಸೋಣ. ಆದರೆ ಒಳಗಿನಿಂದಲೇ ಕತ್ತರಿಸೋಣ. ಮೇಲೆ ಕಾಲು ಜಾರದಂತೆ ಮಾಡಿರುವ ಉಬ್ಬು ವಿನ್ಯಾಸವನ್ನು ಮತ್ತೆ ಮೂಡಿಸುವುದು ಕಷ್ಟ.

ನಾನು: ನಿನ್ನ ಮಾತಿನಲ್ಲಿ ಹುರುಳಿದೆ, ಆದರೂ ತಲೆಯ ಮೇಲೆ ಹಿಡಿದು ಫೈಬರ್‌ಗ್ಲಾಸ್ ಬಟ್ಟೆ ಅಂಟಿಸುವಾಗ ರಾಳ ಕೆಳಗೆ ಸುರಿಯುತ್ತದೆ, ಪದರಗಳ ನಡುವೆ ಗಾಳಿ ಉಳಿಯುತ್ತದೆ. ಭಾರ ಹೊರುವ ಜಾಗದಲ್ಲಿ ಅಂದವನ್ನು ಬಿಟ್ಟುಕೊಡಬಹುದು. ಮೇಲಿನಿಂದ ಕತ್ತರಿಸಿ, ಒಣ ಮರ ಸಿಗುವವರೆಗೆ ಕೆರೆದು, ಕೆಳಪದರಕ್ಕೆ ಜಾಕ್ ಕೊಟ್ಟು ಮೊದಲಿನ ಮಟ್ಟಕ್ಕೆ ಎತ್ತಿದ ಮೇಲೆಯೇ, ಬಾಲ್ಸಾದ ಬದಲು ಎಪಾಕ್ಸಿಯಲ್ಲಿ ಅದ್ದಿದ ಗ್ಲಾಸ್ ಬಟ್ಟೆಯನ್ನು ಗಟ್ಟಿಯಾಗಿ ತುಂಬಬೇಕು. ಒಮ್ಮೆಗೇ ದಪ್ಪವಾಗಿ ತುಂಬಿದರೆ ಅದು ಕಾದು ಹಾಳಾಗುತ್ತದೆ, ಹಂತಹಂತವಾಗಿ ಮಾಡೋಣ. ಹಳೆಯ ಪದರದ ಅಂಚನ್ನು ಅದರ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿದರೆ ಹೊಸದು ಹಿಡಿಯುತ್ತದೆ. ಬಲ್ಕ್‌ಹೆಡ್ಡಿನ ಮೇಲಂಚನ್ನೂ ಸುತ್ತಿಗೆಯಿಂದ ತಟ್ಟಿ ನೋಡಬೇಕು.

ಅಕ್ಕ: ಬೋಲ್ಟುಗಳಿಗೆ ಮೊದಲು ದೊಡ್ಡ ರಂಧ್ರ ಕೊರೆದು, ಎಪಾಕ್ಸಿ ತುಂಬಿ, ಅದು ಗಟ್ಟಿಯಾದ ಮೇಲೆ ನಡುವೆ ಮತ್ತೆ ಕೊರೆಯಬೇಕು, ಆಗ ಸಂದು ಮುಚ್ಚುವ ಸೀಲೆಂಟ್ ಸೋತರೂ ನೀರು ಮರ ಮುಟ್ಟದು. ಕಂಬದ ಬುಡದಲ್ಲಿ ನೀರು ಬಸಿಯುವ ರಂಧ್ರ ಕಟ್ಟಿಕೊಂಡಿದೆ, ಅದನ್ನೂ ಬಿಡಿಸಬೇಕು.

ಅಣ್ಣ: ಕ್ರೇನಿಗೆ ನಾನು ಹೇಳುತ್ತೇನೆ. ಡೆಕ್ಕು ಮೊದಲಿನ ಮಟ್ಟಕ್ಕೆ ಬಂದರೆ ಆ ಬಾಗಿಲಿನ ಮೇಲೆ ಸಂದು ಉಳಿಯುತ್ತದಲ್ಲ, ಎಷ್ಟು ಸವರಿದ್ದೆ ಎಂದು ಈಗ ಅಳೆದೆ: 6 ಮಿ.ಮೀ. ಅಲ್ಲಿಗೆ ಪಟ್ಟಿ ಕೂರಿಸುವ ಕೆಲಸ ನನ್ನದೇ ಇರಲಿ.