ಆಯುಧಪೂಜೆ ಆದ್ಮೇಲೆ ಹುಲ್ಲು ಕಟ್ ಮಾಡೋ ಗಾಡಿ ಸೆಲ್ಫೇ ತಗೋತಿಲ್ಲ

ಪ್ರಶ್ನೆ (ಮೈಸೂರು): ನಮಸ್ಕಾರ ಸರ್, ಬೋಗಾದಿ ಕಡೆ ಒಂದು ರೆಸಾರ್ಟಲ್ಲಿ ಮೇಂಟೆನೆನ್ಸ್ ನೋಡ್ಕೋತೀನಿ. ಸೀಟ್ ಮೇಲೆ ಕೂತು ಓಡಿಸೋ ಲಾನ್ ಮೋವರ್ ಇದೆ, ಸಿಂಗಲ್ ಸಿಲಿಂಡರ್, ಪೆಟ್ರೋಲ್. ಆಯುಧಪೂಜೆಗೆ ಹುಡುಗ್ರು ಪ್ರೆಶರ್ ಪಂಪ್ ಹಿಡ್ದು ಮೇಲೆ ಕೆಳಗೆ ಎಲ್ಲಾ ತೊಳ್ದು, ಅರಿಶಿನ ಕುಂಕುಮ ಹಾಕಿ, ನಿಂಬೆಹಣ್ಣು ತುಳಿಸಿ ಶೆಡ್ಡಿಗೆ ಬಿಟ್ರು, ಆವತ್ತು ಚೆನ್ನಾಗೇ ಇತ್ತು. ಈಗ ಕೀ ತಿರುಗಿಸಿದ್ರೆ ಉಸಿರೇ ಇಲ್ಲ. ಲೈಟ್ ಉರಿಯುತ್ತೆ. ಇಲ್ಲೊಬ್ಬ ಮೆಕ್ಯಾನಿಕ್ ಬಂದು ಕಾರ್ಬುರೇಟರ್ ಹೋಗಿದೆ, ಹೊಸದು ಹಾಕ್ಸಿ ಅಂದ. ಹಾಕ್ಸೋದಾ?

ಉತ್ತರ (ಮೆಕ್ಯಾನಿಕ್, ಮಂಡ್ಯ): ಒಸಿ ತಡೀರಿ ಸಾರ್, ದುಡ್ಡು ಬಿಚ್ಚಬ್ಯಾಡಿ. ಇಂಜಿನ್ ತಿರುಗ್ತಾನೇ ಇಲ್ವಾ, ಇಲ್ಲಾ ತಿರುಗಿ ಹಿಡೀತಿಲ್ವಾ, ಅದು ಮೊದ್ಲು ಹೇಳಿ. ಸೆಲ್ಫ್ ಗರಗರ ಅಂತ ತಿರುಗಿ ಆಮೇಲೆ ಹಿಡೀಲಿಲ್ಲ ಅಂದ್ರೆ ತಾನೆ ಪೆಟ್ರೋಲು, ಪ್ಲಗ್ಗು, ಕಾರ್ಬುರೇಟರ್ ಮಾತು. ಸೆಲ್ಫೇ ತಿರುಗ್ದೆ ಇರೋ ಗಾಡಿಗೆ, ಪೆಟ್ರೋಲ್ ಗಾಳಿ ಬೆರೆಸೋ ಕಾರ್ಬುರೇಟರ್ ಏನ್ ಮಾಡೀತು? ಕೀ ಸ್ಟಾರ್ಟಿಗೆ ತಂದಾಗ ಸೌಂಡ್ ಹೆಂಗೆ? ಟಕಟಕಟಕ ಅಂದ್ರೆ ಬ್ಯಾಟರಿ ವೀಕು ಇಲ್ಲಾ ಟರ್ಮಿನಲ್ ಲೂಸು. ಒಂದೇ ಸಲ ಟಕ್ ಅಂದು ಸುಮ್ನಾದ್ರೆ ಸಾಲಿನಾಯ್ಡ್ (ಸೆಲ್ಫ್ ಮೋಟ್ರಿಗೆ ಕರೆಂಟ್ ಬಿಡೋ ಸ್ವಿಚ್ಚು), ಸ್ಟಾರ್ಟರ್ ಮೋಟ್ರು, ಅರ್ಥ್ ಕೇಬಲ್ಲು ನೋಡ್ಬೇಕು. ಏನೂ ಸೌಂಡಿಲ್ಲ ಅಂದ್ರೆ ಹೆಚ್ಚಾಗಿ ಸಾಲಿನಾಯ್ಡಿಗೆ ಕರೆಂಟೇ ಹೋಗ್ತಿರಲ್ಲ.

ಪ್ರಶ್ನೆ ಕೇಳಿದೋರು: ಏನೂ ಸೌಂಡಿಲ್ಲ ಸರ್. ಬ್ಯಾಟರಿ ಮೀಟರಲ್ಲಿ 12.5 ತೋರ್ಸುತ್ತೆ, ಫ್ಯೂಸ್ ತೆಗ್ದು ನೋಡ್ದೆ, ಸರಿ ಇದೆ.

ಇನ್ನೊಬ್ರು (ಮದ್ದೂರು): ಸೀಟ್ ಕೆಳಗೆ ಒಂದ್ ಸ್ವಿಚ್ ಇರ್ತದೆ ಅಣ್ಣ, ಅದ್ರದೇ ಕಾಟ. ಕಿತ್ತಾಕಿ ಎರಡೂ ವೈರ್ ಸೇರ್ಸಿ ಟೇಪ್ ಸುತ್ಬುಡಿ, ನಮ್ದೂ ಹಂಗೇ ಓಡ್ತಾ ಐತೆ.

ಉತ್ತರ (ಮೆಕ್ಯಾನಿಕ್, ಮಂಡ್ಯ): ಬ್ಯಾಡ ಕಣಪ್ಪ, ಹಂಗೆಲ್ಲ ಹೇಳ್ಬ್ಯಾಡ. ಬ್ಲೇಡ್ ತಿರುಗ್ತಿರುವಾಗ ಆಳು ಸೀಟಿಂದ ಬಿದ್ರೆ ಇಂಜಿನ್ ನಿಲ್ಲಲಿ ಅಂತ ಇರೋ ಸ್ವಿಚ್ ಅದು. ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರ್ ಮೇಲೆ ಓಡ್ತಿರ್ತದೆ, ಕಾಲು ಸಿಕ್ರೆ ಮುಗೀತು. ಇನ್ನೊಂದು, ಕೆಲವು ಗಾಡೀಲಿ ಆ ಸ್ವಿಚ್ ಮ್ಯಾಗ್ನೆಟೋ (ಪ್ಲಗ್ಗಿಗೆ ಕಿಡಿ ಕೊಡೋ ಭಾಗ) ವೈರನ್ನ ಗಾಡಿಯ ಬಾಡೀಗೆ ಅರ್ಥ್ ಕೊಟ್ಟು ಆಫ್ ಮಾಡೋ ಟೈಪು, ಅಂಥದ್ರಲ್ಲಿ ಎರಡು ವೈರ್ ಸೇರ್ಸಿದ್ರೆ ಪ್ಲಗ್ಗಲ್ಲಿ ಕಿಡೀನೇ ಬರಲ್ಲ, ಆಮೇಲೆ ಕಾಯಿಲ್ ಹೋಯ್ತು ಅಂತ ಅದಕ್ಕೊಂದು ಖರ್ಚು.

ಸಾರ್, ನೀವು ಹಿಂಗ್ ಮಾಡಿ. ಸಾಮಾನ್ಯವಾಗಿ ಈ ಗಾಡಿಗಳು ಬ್ರೇಕ್ ಪೆಡಲ್ ಪೂರ್ತಿ ಕೆಳಗೆ ಇರ್ಬೇಕು, ಬ್ಲೇಡ್ ಆಫಲ್ಲಿ ಇರ್ಬೇಕು, ಆಗ್ಲೇ ಸೆಲ್ಫ್ ಬಿಡೋದು, ಕೆಲವ್ಕೆ ಸೀಟಲ್ಲಿ ಆಳೂ ಕೂತಿರ್ಬೇಕು. ತೊಳೆಯೋ ಹುಡುಗ್ರು ಬ್ಲೇಡ್ ನಾಬ್ ಎಳ್ದು ಹಂಗೇ ಬಿಟ್ಟಿರ್ತಾರೆ, ಅದನ್ನ ಮೊದ್ಲು ನೋಡಿ. ಅದು ಸರಿ ಇದ್ರೆ ಪ್ಲಗ್ ಕ್ಯಾಪ್ ಬಿಚ್ಚಿ ಪಕ್ಕಕ್ಕಿಟ್ಟು, ಸೀಟಲ್ಲಿ ಒಬ್ರನ್ನ ಕೂರ್ಸಿ ಬ್ರೇಕ್ ತುಳಿದು ಕೀ ಹಿಡ್ಕೊಳಕ್ಕೆ ಹೇಳಿ, ನೀವು ಸಾಲಿನಾಯ್ಡಿನ ಸಣ್ಣ ವೈರಿಗೆ ಮೀಟ್ರು ಇಡಿ. 12 ವೋಲ್ಟ್ ಬಂದೂ ಸೌಂಡಿಲ್ಲ ಅಂದ್ರೆ ಸಾಲಿನಾಯ್ಡು ಇಲ್ಲಾ ಅದರ ಅರ್ಥ್ ಕನೆಕ್ಷನ್ನು ಹೋಗಿದೆ. ಬರ್ಲಿಲ್ಲ ಅಂದ್ರೆ ಕೀ ಸ್ವಿಚ್ಚಿಂದ ಹಿಡ್ದು ಬ್ರೇಕು, ಬ್ಲೇಡು, ಸೀಟು, ಒಂದೊಂದೇ ಕನೆಕ್ಟರ್ ಬಿಚ್ತಾ ಹೋಗಿ. ಪ್ರೆಶರ್ ನೀರು ಅದ್ರೊಳಗೆ ನಿಂತ್ರೆ ಪಿನ್ನು ಹಸಿರುಗಟ್ತದೆ, ನಂಗೆ ಅದ್ರ ಮೇಲೇ ಡೌಟು.

ಪ್ರಶ್ನೆ ಕೇಳಿದೋರು: ಸರ್, ಸಿಕ್ತು! ಸಣ್ಣ ವೈರಲ್ಲಿ ಕರೆಂಟ್ ಇರ್ಲಿಲ್ಲ, ಬ್ರೇಕ್ ಪೆಡಲ್ ಹತ್ರ ಕನೆಕ್ಟರ್ ಬಿಚ್ಚಿದ್ರೆ ನೀರೂ ಇತ್ತು ಹಸಿರೂ ಇತ್ತು, ಸ್ಯಾಂಡ್ ಪೇಪರಲ್ಲಿ ಉಜ್ಜಿ ಕಾಂಟ್ಯಾಕ್ಟ್ ಸ್ಪ್ರೇ ಹೊಡ್ದು ಒಣಗ್ಸಿ ಹಾಕ್ದೆ. ಸೆಲ್ಫ್ ಸಖತ್ತಾಗಿ ತಿರುಗುತ್ತೆ, ಆದ್ರೆ ಇಂಜಿನ್ ಹಿಡ್ದು ಎರಡು ನಿಮಿಷಕ್ಕೆ ಬುಕ್ ಬುಕ್ ಅಂತ ಆಫ್ ಆಗುತ್ತೆ. ಇದೇನು ಕಾರ್ಬುರೇಟರಾ ಈಗ?

ಉತ್ತರ (ಮೆಕ್ಯಾನಿಕ್, ಮಂಡ್ಯ): ಈಗ ಕೇಳಿದ್ರಿ ನೋಡಿ, ಈಗ ಆ ಮಾತು ಬರ್ತದೆ. ಆದ್ರೂ ಹೊಸದು ಬ್ಯಾಡ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಲೂಸ್ ಮಾಡಿ ಓಡ್ಸಿ, ಆಫ್ ಆಗ್ದೆ ಓಡಿದ್ರೆ ಮುಚ್ಚಳದ ಗಾಳಿ ತೂತು ಕಟ್ಕೊಂಡದೆ, ಅಷ್ಟೇ. ಹಂಗೂ ಆಫ್ ಆದ್ರೆ ಇಂಜಿನ್ ತಣ್ಣಗಾದ್ಮೇಲೆ ಟ್ಯಾಂಕೂ ಕಾರ್ಬುರೇಟರ್ ಕೆಳಗಿರೋ ಬೌಲೂ ಎರಡೂ ಖಾಲಿ ಮಾಡಿ ಗಾಜಿನ ಬಾಟ್ಲಲ್ಲಿ ಹಿಡ್ದು ನೋಡಿ, ತಳದಲ್ಲಿ ಬೇರೆ ಪದರ ನಿಂತಿದ್ರೆ ನೀರು ಸೇರದೆ. ಈಗ ಬಂಕಲ್ಲಿ ಸಿಗೋದು ಎಥೆನಾಲ್ ಬೆರೆಸಿದ ಪೆಟ್ರೋಲು, ಅದು ಗಾಳೀಲಿರೋ ತೇವಾನೂ ಎಳ್ಕೋತದೆ, ತಿಂಗಳುಗಟ್ಟಲೆ ಟ್ಯಾಂಕಲ್ಲಿ ಬುಡಬಾರ್ದು. ಫಿಲ್ಟರ್ ಬದಲಾಯ್ಸಿ, ಮೇನ್ ಜೆಟ್ (ಕಾರ್ಬುರೇಟರಲ್ಲಿ ಪೆಟ್ರೋಲ್ ಹೋಗೋ ಸಣ್ಣ ತೂತಿನ ಪಾರ್ಟು) ಬಿಚ್ಚಿ ಕಾರ್ಬ್ ಕ್ಲೀನರ್ ಹೊಡೀರಿ, ತಂತಿ ತೂರ್ಸಕ್ಕೆ ಹೋಗ್ಬ್ಯಾಡಿ, ತೂತು ಅಗಲ ಆದ್ರೆ ಆಮೇಲೆ ಪೆಟ್ರೋಲ್ ಕುಡಿಯಕ್ಕೆ ಶುರು ಮಾಡ್ತದೆ. ಮುಚ್ಚಳದ ವಿಷ್ಯ ಏನಾಯ್ತು ಅಂತ ಹಾಕಿ.

ಪ್ರಶ್ನೆ ಕೇಳಿದೋರು: ಮುಚ್ಚಳ ಲೂಸ್ ಮಾಡಿದ್ರೆ ಆಫ್ ಆಗ್ತಿಲ್ಲ ಸರ್. ತೂತಲ್ಲಿ ಮಣ್ಣು ಕೂತಿದೆ.