ನೀರು ಕ್ಷಣದಲ್ಲಿ ದ್ರಾಕ್ಷಾರಸ ಆಯ್ತು, ಲೋಕಕ್ಕೆ ಯಾಕೆ ಇಷ್ಟು ವರ್ಷ?

ಪ್ರಶ್ನೆ: ಸರ್, ನಾನು ಸಂಡೇ ಸ್ಕೂಲ್ ಟೀಚರ್. ಮೊನ್ನೆ ಕಾನಾ ಊರಿನ ಮದುವೆಯ ಪಾಠ ಮಾಡುತ್ತಿದ್ದೆ. ಒಂಬತ್ತನೇ ಕ್ಲಾಸಿನ ಹುಡುಗ ಎದ್ದು ನಿಂತ. "ಯೇಸು ನೀರನ್ನು ಒಂದೇ ಕ್ಷಣದಲ್ಲಿ ದ್ರಾಕ್ಷಾರಸ ಮಾಡಿದರು. ಹಾಗಿದ್ದರೆ ವಿಶ್ವಕ್ಕೆ 1,380 ಕೋಟಿ ವರ್ಷ ಯಾಕೆ ಬೇಕಾಯ್ತು?" ಎಂದ. "ಲೋಕವೂ ಆ ದ್ರಾಕ್ಷಾರಸದ ಹಾಗೇ, ನೋಡೋಕೆ ಮಾತ್ರ ಹಳೇದು ಅಂತ ಹೇಳಿಬಿಡಿ" ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ನನಗೆ ಸಮಾಧಾನ ಆಗಲಿಲ್ಲ. ನೀವು ಭೌತಶಾಸ್ತ್ರ ಓದಿ ಈಗ ದೇವಶಾಸ್ತ್ರ ಕಲಿಸುವವರು. ಏನು ಹೇಳಲಿ?

ಉತ್ತರ: ಟೀಚರ್, ಹುಡುಗ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಾನೆ. ಆ ಸಲಹೆಯೂ ಹೊಸದಲ್ಲ. 1857ರಲ್ಲಿ ಇಂಗ್ಲೆಂಡಿನ ಫಿಲಿಪ್ ಗಾಸ್ ಇದನ್ನೇ ಬರೆದರು. ಅವರು ಜೀವಿಗಳನ್ನು ಹತ್ತಿರದಿಂದ ನೋಡಿ ಬಲ್ಲವರು, ಗಟ್ಟಿ ನಂಬಿಕೆಯ ಕ್ರೈಸ್ತರು. ತಾಯಿಯ ಹೊಟ್ಟೆಯಲ್ಲಿ ಬೆಳೆಯದ ಆದಾಮನಿಗೂ ಹೊಕ್ಕುಳಿತ್ತು, ಹಾಗೆಯೇ ಬಂಡೆಗಳೂ ಪಳೆಯುಳಿಕೆಗಳ ಸಮೇತ ಸೃಷ್ಟಿಯಾದವು ಎಂಬುದು ಅವರ ವಾದ. ಅವರ ಪರಿಚಯದ ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿ ಒಪ್ಪಲಿಲ್ಲ. ದೇವರು ಬಂಡೆಯ ಮೇಲೆ ಅಷ್ಟು ದೊಡ್ಡ ಸುಳ್ಳು ಬರೆದಿದ್ದಾನೆ ಎಂದು ನಾನು ನಂಬಲಾರೆ ಎಂದರು. ನಾನು ಕಿಂಗ್ಸ್ಲಿಯ ಪಕ್ಷ.

ಯಾಕೆ ಅಂದ್ರೆ, 1987ರ ಫೆಬ್ರವರಿಯಲ್ಲಿ ಒಂದು ನಕ್ಷತ್ರ ಸಿಡಿದದ್ದು ಬರಿಗಣ್ಣಿಗೇ ಕಾಣಿಸಿತು. ಅದರ ಬೆಳಕು ಇಲ್ಲಿಗೆ ಬರಲು ಸುಮಾರು 1.6 ಲಕ್ಷ ವರ್ಷ ಬೇಕು. ಬೆಳಕು ಕಾಣುವ ಕೆಲವು ಗಂಟೆ ಮೊದಲು, ನೆಲದಡಿಯ ಉಪಕರಣಗಳಿಗೆ ಸುಮಾರು ಎರಡು ಡಜನ್ ನ್ಯೂಟ್ರಿನೋ ಕಣಗಳು ಸಿಕ್ಕಿದ್ದವು. ನಕ್ಷತ್ರದ ಒಡಲು ಮೊದಲು ಕುಸಿಯುತ್ತದೆ, ಆಗಲೇ ಈ ಕಣಗಳು ಹೊರಡುತ್ತವೆ, ಬೆಳಕು ಆಮೇಲೆ ಹೊರಬರುತ್ತದೆ. ಲೆಕ್ಕ ಹಾಕಿದ್ದ ಕ್ರಮದಲ್ಲೇ ಎಲ್ಲ ಬಂತು. ಲೋಕಕ್ಕೆ ಆರೇ ಸಾವಿರ ವರ್ಷ, ಬೆಳಕನ್ನು ದೇವರು ದಾರಿ ಮಧ್ಯದಲ್ಲೇ ಇಟ್ಟ ಎನ್ನಿ. ಆಗ ಆ ನಕ್ಷತ್ರ ಸಿಡಿಯಲೇ ಇಲ್ಲ. ನಾವು ನೋಡಿದ್ದು ನಡೆಯದ ಘಟನೆಯ ಚಿತ್ರ.

ಕಾನಾದಲ್ಲಿ ಹಾಗಾಗಲಿಲ್ಲ, ಅಲ್ವಾ? ಬೈಬಲಿನ ಯೋಹಾನ 2:9 ನೋಡಿ. ಔತಣದ ಪಾರುಪತ್ಯಗಾರನಿಗೆ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ, ನೀರು ತೋಡಿದ ಆಳುಗಳಿಗೆ ತಿಳಿದಿತ್ತು. ಆರು ಕಲ್ಲಿನ ಬಾನಿಗಳಿಗೆ ಕಂಠದವರೆಗೆ ನೀರು ತುಂಬಿದವರೇ ಅವರು. ಯೋಹಾನ ಇದನ್ನು ಸೂಚಕಕಾರ್ಯ ಎನ್ನುತ್ತಾನೆ. ಸೂಚನೆ ಎಂದ ಮೇಲೆ ನೋಡುವವರು ಬೇಕು.

ಇನ್ನು ಸೃಷ್ಟಿ. 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಸೃಷ್ಟಿಯನ್ನು ಪವಾಡಗಳ ಸಾಲಿಗೆ ಸೇರಿಸಲೇ ಇಲ್ಲ. ಪವಾಡ ಎಂದರೆ ಪ್ರಕೃತಿಯ ರೂಢಿ ಮೀರಿದ್ದು. ರೂಢಿ ಇದ್ದರೆ ತಾನೇ ಮೀರೋದು? ಸೃಷ್ಟಿ ಎಂದರೆ ಆ ಪ್ರಕೃತಿಯನ್ನೇ ಕೊಟ್ಟು, ಇವತ್ತಿಗೂ ಎತ್ತಿ ಹಿಡಿದಿರುವುದು. 104ನೇ ಕೀರ್ತನೆಯಲ್ಲಿ ದೇವರು ದನಗಳಿಗೆ ಹುಲ್ಲು ಮೊಳೆಯಿಸುತ್ತಾನೆ. ಹಾಗಂತ ಹುಲ್ಲಿಗೆ ಬೀಜ, ಮಳೆ ಬೇಡ ಎಂದು ಯಾರೂ ಓದುವುದಿಲ್ಲ.

ಬೈಬಲಿನ ಸೃಷ್ಟಿಯ ಕಥೆಯ ಆರು ದಿನ ಎಂದರೆ 24 ಗಂಟೆಯ ದಿನಗಳೇ ಎನ್ನುವ ಸಭೆಗಳೂ ಇವೆ. ಅವರ ಭಕ್ತಿಯ ಬಗ್ಗೆ ನನಗೆ ಗೌರವವಿದೆ, ಆ ಓದನ್ನು ಮಾತ್ರ ಒಪ್ಪಲಾರೆ.

ಇನ್ನೊಬ್ಬ ಸದಸ್ಯರು: ಸರ್, ಜೀವ ಹೇಗೆ ಹುಟ್ಟಿತು ಅಂತ ವಿಜ್ಞಾನಕ್ಕೆ ಇನ್ನೂ ಪೂರ್ತಿ ಗೊತ್ತಿಲ್ಲ. ಅಲ್ಲಾದರೂ ಪವಾಡ ಅನ್ನಬಹುದಲ್ವಾ?

ಉತ್ತರ: ಬೇಡ ಎನ್ನುತ್ತೇನೆ. ಗ್ರಹಗಳ ದಾರಿ ನಿಧಾನಕ್ಕೆ ಕೆಡುತ್ತದೆ, ದೇವರು ಆಗಾಗ ಸರಿಪಡಿಸಬೇಕು ಎಂದು ನ್ಯೂಟನ್ ಎಣಿಸಿದ್ದರು. ಇದು ಗಡಿಯಾರಕ್ಕೆ ಕೀಲಿ ಕೊಡುತ್ತಾ ಕೂರುವ ದೇವರು ಎಂದು 1715ರಲ್ಲಿ ಜರ್ಮನಿಯ ತತ್ವಜ್ಞಾನಿ ಲೈಬ್ನಿಜ್ ಆಕ್ಷೇಪಿಸಿದರು. ಅದೇ ಶತಮಾನ ಮುಗಿಯುವುದರೊಳಗೆ, ಗುರು ಮತ್ತು ಶನಿಯ ಏರುಪೇರು ಗುರುತ್ವದಿಂದಲೇ ಆಗಿ ತಾನೇ ಹಿಂದಿರುಗುತ್ತದೆ ಎಂದು ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ತೋರಿಸಿದರು. ದೇವರನ್ನು ಖಾಲಿ ಜಾಗದಲ್ಲಿ ಕೂರಿಸಿದರೆ, ಆ ಜಾಗ ತುಂಬಿದ ದಿನ ಎಬ್ಬಿಸಬೇಕಾಗುತ್ತದೆ. ವಿಶ್ವ ಒಂದು ಆದಿ ಅಣುವಿನಿಂದ ಹಿಗ್ಗಿತು ಎಂದು 1931ರಲ್ಲಿ ಹೇಳಿದ ಜಾರ್ಜ್ ಲಮೆತ್ರ್ ಸ್ವತಃ ಕ್ಯಾಥೊಲಿಕ್ ಪಾದ್ರಿ. ಅವರೇ ಅದನ್ನು ಬೈಬಲಿನ ಸೃಷ್ಟಿಯ ಕಥೆ ಇರುವ ಆದಿಕಾಂಡಕ್ಕೆ ಪುರಾವೆ ಮಾಡಲು ಹೋಗಲಿಲ್ಲ.

ಅದೇ ಸದಸ್ಯರು: ಹಾಗಾದ್ರೆ ಯೇಸು ಸತ್ತು ಎದ್ದ ಪುನರುತ್ಥಾನ?

ಉತ್ತರ: ಮನಸಾರೆ ನಂಬುತ್ತೇನೆ. ಸತ್ತವರು ಏಳುವುದಿಲ್ಲ ಎಂಬುದು ಆಗಿನವರಿಗೂ ಗೊತ್ತಿತ್ತು. ಯೇಸುವಿನ ಶಿಷ್ಯೆಯರಾದ ಹೆಂಗಸರು ಬೆಳಗಿನ ಜಾವ ಸಮಾಧಿಗೆ ಹೊರಟದ್ದು ಹೆಣಕ್ಕೆ ಹಚ್ಚುವ ಸುಗಂಧದ್ರವ್ಯ ಹಿಡಿದುಕೊಂಡು. ದಾರಿಯುದ್ದಕ್ಕೂ ಅವರ ಚಿಂತೆ ಒಂದೇ, ಕಲ್ಲು ಉರುಳಿಸುವವರು ಯಾರು ಅಂತ. ಹೆಣ ಅಲ್ಲೇ ಇರುತ್ತದೆ ಎಂಬ ರೂಢಿ ಅಷ್ಟು ಗಟ್ಟಿಯಾಗಿ ಇದ್ದದ್ದಕ್ಕೇ ಖಾಲಿ ಸಮಾಧಿ ಕಂಡು ನಡುಗಿದರು. ಇದನ್ನು ಪ್ರಯೋಗಾಲಯದಲ್ಲಿ ಮತ್ತೆ ಮಾಡಿ ತೋರಿಸೋಕೆ ಆಗಲ್ಲ. ಸಾಕ್ಷಿಗಳ ಮಾತು ತೂಗಿ ನೋಡಬೇಕು, ಅಷ್ಟೇ.

ಟೀಚರ್: ಥ್ಯಾಂಕ್ಸ್ ಸರ್. ಭಾನುವಾರ ಎಲ್ಲಿಂದ ಶುರು ಮಾಡಲಿ?

ಉತ್ತರ: ಯೋಹಾನ 2:9ನ್ನು ಆ ಹುಡುಗನಿಂದಲೇ ಓದಿಸಿ. "ಆಳುಗಳಿಗೆ ತಿಳಿದಿತ್ತು" ಎಂಬಲ್ಲಿ ನಿಲ್ಲಿಸಿ. ಈ ಮಾತು ಬರೆಯದಿದ್ದರೆ ಕಥೆ ಏನಾಗುತ್ತಿತ್ತು ಅಂತ ಅವನನ್ನೇ ಕೇಳಿ. ಅವನು ಏನಂದ ಅಂತ ಇಲ್ಲಿ ಬರೆಯಿರಿ, ನನಗೂ ತಿಳಿಯುವ ಆಸೆ ಇದೆ.